ಬೆಳಗಾವಿಯ ಸಂಶೋಧನೆ, ಮಧುರೈಯ ಕಾರ್ಖಾನೆ, ಸವದತ್ತಿಯ ಬಾಣಂತಿ: ನಡುವಿನ ಲೆಕ್ಕ ಏನು?

ಹೆರಿಗೆ ಕೋಣೆಯಲ್ಲಿ ಬಳಸುವ ಒಂದು ಪ್ಲಾಸ್ಟಿಕ್ ಹಾಳೆ. ಮೇಲ್ತುದಿಗೆ ಹೊಟ್ಟೆಯ ಸುತ್ತ ಸಡಿಲಾಗಿ ಕಟ್ಟುವ ಪಟ್ಟಿ, ಕೆಳಗಡೆ ಲಾಳಿಕೆಯ ಹಾಗೆ ಇಳಿಯುವ ಚೀಲ, ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ಕೂಸು ಹುಟ್ಟಿದ ಕೂಡಲೇ ಬಾಣಂತಿಯ ಕೆಳಗೆ ಹಾಸುತ್ತಾರೆ. ರಕ್ತ ಎಷ್ಟು ಹೋಯಿತು ಅನ್ನೋದು ಗೆರೆ ನೋಡಿದರೆ ಗೊತ್ತಾಗುತ್ತದೆ. ಡೈರಿಯಲ್ಲಿ ಹಾಲು ಅಳೆದಷ್ಟೇ ಸರಳ.

ಇದು ಅಮೆರಿಕದಲ್ಲೋ ಜರ್ಮನಿಯಲ್ಲೋ ಹುಟ್ಟಿ ಇಲ್ಲಿಗೆ ಬಂದ ಸಾಮಾನಲ್ಲ. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು, ಅಂದರೆ ಎಲ್ಲರೂ ಕೆಎಲ್ಇ ಅಂತ ಕರೆಯುವ ಜೆಎನ್‌ಎಂಸಿಯ ವೈದ್ಯರು ಮತ್ತು ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಸಂಶೋಧಕರು ಸೇರಿ, ಇದೇ ಜಿಲ್ಲೆಯ ಹೆರಿಗೆಗಳಿಗಾಗಿ ರೂಪಿಸಿದ್ದು. ಹೆಸರು 'ಬ್ರಾಸ್-ವಿ ಡ್ರೇಪ್'. ಅದನ್ನು ಮಾಡಿದ ಏಳು ಜನರ ಹೆಸರಿನ ಮೊದಲ ಅಕ್ಷರ ಜೋಡಿಸಿ ಇಟ್ಟ ಹೆಸರು ಅದು. ಆದರೆ ಹಾಳೆ ತಯಾರಾಗಿ ಬಂದದ್ದು ತಮಿಳುನಾಡಿನ ಮಧುರೈಯಿಂದ.

ಸಂಶೋಧನೆ ಬೆಳಗಾವಿಯದು, ಕಾರ್ಖಾನೆ ಮಧುರೈಯದು, ಹಣ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆಯದು, ಪ್ರಯೋಗಕ್ಕೆ ಒಪ್ಪಿಕೊಂಡವರು ಬೆಳಗಾವಿ ಜಿಲ್ಲೆಯ ಹಳ್ಳಿಯ ಹೆಣ್ಣುಮಕ್ಕಳು. ಮೆಡಿಕಲ್ ಕಾಲೇಜಿನಲ್ಲಿ ಹುಟ್ಟುವ ಹೊಸ ಸಾಧನ, ಹೊಸ ಔಷಧಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಜನರ ಜಾಗ ಯಾವುದು ಅನ್ನೋದು ಈಗ ಕೇಳಲೇಬೇಕಾದ ಪ್ರಶ್ನೆ. ಯಾಕಂದರೆ ಆ ಹಾಳೆಯ ಬಗ್ಗೆ ಇವತ್ತು ಇಡೀ ಜಗತ್ತು ಮಾತಾಡುತ್ತಿದೆ.

ಕಣ್ಣಳತೆ ಕೈಕೊಟ್ಟಾಗ

ಹೆರಿಗೆ ಆದ ಮೇಲೆ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ವೈದ್ಯರು ಪ್ರಸವೋತ್ತರ ರಕ್ತಸ್ರಾವ ಅಂತಾರೆ. ಅರ್ಧ ಲೀಟರ್ ಅಂದರೆ ದೊಡ್ಡ ಹಾಲಿನ ಪಾಕೀಟಿನಷ್ಟು. ಕೇಳೋಕೆ ಸುಲಭ. ಆದರೆ ಸೀರೆ, ಬಟ್ಟೆ, ನೆಲ, ಬಕೆಟ್ಟಿನಲ್ಲಿ ಹರಡಿದ ರಕ್ತವನ್ನು ಕಣ್ಣಿಂದ ನೋಡಿ ಅರ್ಧ ಲೀಟರ್ ಆಯಿತೋ ಇಲ್ಲವೋ ಹೇಳೋದು ಅನುಭವಿ ದಾದಿಗೂ ಕಷ್ಟ.

ಎಷ್ಟು ಕಷ್ಟ ಅನ್ನೋದಕ್ಕೆ ಬೆಳಗಾವಿ ಜಿಲ್ಲಾಸ್ಪತ್ರೆಯಲ್ಲೇ ಲೆಕ್ಕ ಸಿಕ್ಕಿತು. ಅಲ್ಲಿ ಹೆರಿಗೆಯಾದ 123 ಮಹಿಳೆಯರ ಮೇಲೆ ನಡೆದ ಅಧ್ಯಯನದ ವರದಿ 2006ರಲ್ಲಿ ಪ್ರಕಟವಾಯಿತು. ಹಾಳೆಯಿಂದ ಅಳೆದಿದ್ದಕ್ಕೆ ಹೋಲಿಸಿದರೆ ಕಣ್ಣಂದಾಜು ಶೇ 33ರಷ್ಟು ಕಡಿಮೆ ಬಂದಿತ್ತು. ಅಂದರೆ ಮೂರು ಲೋಟ ಹೋದರೆ ಎರಡೇ ಲೋಟ ಅಂತ ಬರೆದುಕೊಂಡ ಹಾಗೆ. ಉಳಿದ ಒಂದು ಲೋಟದ ಲೆಕ್ಕ ತಪ್ಪಿದರೆ ಜೀವದ ಲೆಕ್ಕವೇ ತಪ್ಪುತ್ತದೆ.

ದೊಡ್ಡಾಸ್ಪತ್ರೆಯಲ್ಲಿ ತಪ್ಪಿದರೆ ಪಕ್ಕದ ಕೋಣೆಯಲ್ಲಿ ತಜ್ಞರು ಇರುತ್ತಾರೆ, ರಕ್ತನಿಧಿ ಇರುತ್ತದೆ. ರಾಮದುರ್ಗದಿಂದ ಬೆಳಗಾವಿ ಸುಮಾರು ನೂರು ಕಿಲೋಮೀಟರ್. ಸವದತ್ತಿ ಕಡೆಯವರು ಧಾರವಾಡ, ಹುಬ್ಬಳ್ಳಿ ದಾರಿ ಹಿಡಿಯುತ್ತಾರೆ. ತೀವ್ರ ರಕ್ತಸ್ರಾವ ಶುರುವಾದರೆ ಒಂದೆರಡು ತಾಸಿನಲ್ಲೇ ಜೀವಕ್ಕೆ ಅಪಾಯ. 108 ಗಾಡಿ ಬಂದು, ಹತ್ತಿಸಿ, ಹೊರಡುವಷ್ಟರಲ್ಲೇ ಅರ್ಧ ಹೊತ್ತು ಕಳೆದಿರುತ್ತದೆ. ಹಾಗಾಗಿ ಕಡು ಕಷ್ಟ ಬರುವ ಮುಂಚೆಯೇ ಗೊತ್ತಾಗೋದು ತಾಲೂಕಿನಲ್ಲಿ ಬಹಳ ಮುಖ್ಯ.

ಗುಳಿಗೆಯ ಕಥೆ

ಹಾಳೆ ಹುಟ್ಟಿದ್ದೇ ಒಂದು ಗುಳಿಗೆಯ ಪ್ರಯೋಗದ ಜೊತೆಗೆ. 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರ್‌ವರೆಗೆ ಬೆಳಗಾವಿ ಜಿಲ್ಲೆಯ ಗ್ರಾಮೀಣ ಭಾಗದಲ್ಲಿ 1620 ಮಹಿಳೆಯರ ಮೇಲೆ 'ಮಿಸೊಪ್ರೊಸ್ಟಾಲ್' ಗುಳಿಗೆಯ ಪ್ರಯೋಗ ನಡೆಯಿತು. ಆಗ ಕಿತ್ತೂರು ಇನ್ನೂ ಬೈಲಹೊಂಗಲ ತಾಲೂಕಿನಲ್ಲೇ ಇತ್ತು. ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ರಕ್ತ ಅಳೆದವರು ದೊಡ್ಡ ಡಾಕ್ಟರುಗಳಲ್ಲ. 25 ಮಂದಿ ಎಎನ್‌ಎಂಗಳು, ಅಂದರೆ ಊರಲ್ಲಿ 'ನರ್ಸಕ್ಕ' ಅಂತ ಕರೆಯುವವರು. 812 ಮಂದಿಗೆ ನಿಜವಾದ ಗುಳಿಗೆ, 808 ಮಂದಿಗೆ ಔಷಧಿ ಇಲ್ಲದ ಹುಸಿ ಗುಳಿಗೆ.

ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ. ಗುಳಿಗೆ ತಗೊಂಡ ಪ್ರತಿ 18 ಮಂದಿಯಲ್ಲಿ ಒಬ್ಬರ ರಕ್ತಸ್ರಾವ ತಪ್ಪಿತು. ಚಳಿ ನಡುಕ, ಜ್ವರ ಬರೋದು ಗುಳಿಗೆ ತಗೊಂಡವರಲ್ಲಿ ಹೆಚ್ಚಿತ್ತು, ಆದರೆ ಸ್ವಲ್ಪ ಹೊತ್ತಿನಲ್ಲಿ ಇಳಿಯುವಂಥದ್ದು. ವರದಿಯ ಲೇಖಕರಲ್ಲಿ ಅಮೆರಿಕದ ಡಾ. ರಿಚರ್ಡ್ ಡರ್ಮನ್ ಜೊತೆ ಬೆಳಗಾವಿಯ ಡಾ. ಬಿ.ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಅವರ ಹೆಸರುಗಳಿವೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಗುಳಿಗೆಯನ್ನು ಪ್ರಸವೋತ್ತರ ರಕ್ತಸ್ರಾವ ತಡೆಗೆ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆ ತೀರ್ಮಾನದ ಹಿಂದಿನ ಪುರಾವೆಗಳಲ್ಲಿ ಈ ಜಿಲ್ಲೆಯ ಹಳ್ಳಿಗಳ ಲೆಕ್ಕವೂ ಇತ್ತು.

ಇಷ್ಟು ದೊಡ್ಡ ಶೋಧದಿಂದ ಕಾಲೇಜಿಗೆ ಪೇಟೆಂಟ್ ರೊಕ್ಕ ಎಷ್ಟು ಬರಬಹುದು? ಭಾರತದ ಕಾನೂನಿನ ಪ್ರಕಾರ ಸೊನ್ನೆ. ಮಿಸೊಪ್ರೊಸ್ಟಾಲ್ ಹೊಸ ಔಷಧಿಯಲ್ಲ. ಅಮೆರಿಕದ ಸರ್ಲ್ ಕಂಪನಿ ಹೊಟ್ಟೆಹುಣ್ಣಿಗೆ ಅಂತ ಕಂಡುಹಿಡಿದ ಹಳೇ ಗುಳಿಗೆ. ಗೊತ್ತಿರುವ ವಸ್ತುವಿಗೆ ಹೊಸ ಉಪಯೋಗ ಕಂಡುಹಿಡಿದರೆ ಅದು ಪೇಟೆಂಟ್‌ಗೆ ಅರ್ಹವಲ್ಲ ಅಂತ ಭಾರತದ ಪೇಟೆಂಟ್ ಕಾಯ್ದೆಯ ಕಲಂ 3(ಡಿ) ಹೇಳುತ್ತದೆ. ರೋಗಿಗೆ ಚಿಕಿತ್ಸೆ ಕೊಡುವ ವಿಧಾನಕ್ಕೂ ಪೇಟೆಂಟ್ ಇಲ್ಲ ಅಂತ 3(ಐ) ಹೇಳುತ್ತದೆ.

ಇದು ನಷ್ಟವೋ ಲಾಭವೋ? ಕಾಲೇಜಿನ ಖಾತೆ ನೋಡಿದರೆ ರಾಯಲ್ಟಿ ಇಲ್ಲ. ಬಾಣಂತಿಯ ಕಡೆಯಿಂದ ನೋಡಿದರೆ ಲಾಭ. ಯಾರ ಏಕಸ್ವಾಮ್ಯವೂ ಇಲ್ಲದ್ದರಿಂದ ಭಾರತದ ಹಲವು ಕಂಪನಿಗಳು ಆ ಗುಳಿಗೆ ತಯಾರಿಸುತ್ತವೆ, ಬೆಲೆ ಕೈಗೆಟಕುವಂತಿದೆ. ಹಾಗಂತ ಇದು ಅಂಗಡಿಯಲ್ಲಿ ಕೇಳಿದವರಿಗೆಲ್ಲ ಕೊಡುವ ಗುಳಿಗೆಯಲ್ಲ. ಗರ್ಭಪಾತಕ್ಕೂ ಬಳಕೆಯಾಗುವ ಔಷಧಿ ಇದು. ವೈದ್ಯರ ಚೀಟಿ ಇಲ್ಲದೆ ಮಾರುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ ಅನ್ನೋದು ಮೆಡಿಕಲ್ ಶಾಪಿನವರಿಗೆ ಗೊತ್ತಿರುವ ಮಾತೇ.

ಲೈಸೆನ್ಸ್ ಅಂದರೆ ಹೊಲ ಲಾವಣಿಗೆ ಕೊಟ್ಟ ಹಾಗೆ

ಗುಳಿಗೆಯ ದಾರಿ ಬೇರೆ, ಹಾಳೆಯಂಥ ಹೊಸ ಸಾಧನದ ದಾರಿ ಬೇರೆ. ಹೊಸದಾಗಿ ಮಾಡಿದ ವಸ್ತುವಿಗೆ ಪೇಟೆಂಟ್ ಕೇಳಬಹುದು. ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆಯವರು ಅದನ್ನು ಒಪ್ಪಿಗೆಯಿಲ್ಲದೆ ತಯಾರಿಸುವಂತಿಲ್ಲ, ಮಾರುವಂತಿಲ್ಲ.

ಆದರೆ ಕಾಲೇಜಿಗೆ ಕಾರ್ಖಾನೆ ಇರೋದಿಲ್ಲ. ಆಗ ಮಾಡೋದೇ ಲೈಸೆನ್ಸ್ ಕರಾರು. ಈ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲ ಮಾಲೀಕನದೇ, ಉತ್ತಿ ಬಿತ್ತುವವನು ಇನ್ನೊಬ್ಬ. ಮುಂಚೆ ಒಂದು ಮೊತ್ತ ಕೊಟ್ಟರೆ ಅದು ಲಾವಣಿ, ಬೆಳೆದಿದ್ದರಲ್ಲಿ ಭಾಗ ಕೊಟ್ಟರೆ ಅದು ಪಾಲು. ಲೈಸೆನ್ಸಿನಲ್ಲೂ ಎರಡೂ ಇರುತ್ತವೆ: ಮೊದಲಿಗೆ ಕೊಡುವ ಶುಲ್ಕ, ಆಮೇಲೆ ಮಾರಾಟದ ಮೇಲೆ ಬರುವ ರಾಯಲ್ಟಿ.

ಒಬ್ಬರಿಗೇ ಕೊಟ್ಟರೆ ಏಕಸ್ವಾಮ್ಯ ಲೈಸೆನ್ಸ್, ಹಲವರಿಗೆ ಕೊಟ್ಟರೆ ಮುಕ್ತ ಲೈಸೆನ್ಸ್. ತಾಲೂಕಿಗೆ ಒಂದೇ ಗೊಬ್ಬರದ ಡೀಲರ್ ಇದ್ದರೆ ಏನಾಗುತ್ತದೆ, ನಾಲ್ಕು ಇದ್ದರೆ ಏನಾಗುತ್ತದೆ ಅನ್ನೋದು ಬೈಲಹೊಂಗಲ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಔಷಧಿಯಲ್ಲೂ ಅದೇ ಲೆಕ್ಕ.

ಇದಕ್ಕೆ ಕರ್ನಾಟಕದಲ್ಲೇ ಒಂದು ಉದಾಹರಣೆ ಇದೆ. ಹೆರಿಗೆ ರಕ್ತಸ್ರಾವ ನಿಲ್ಲಿಸಲು ಮೊದಲು ಕೊಡುವ ಇಂಜೆಕ್ಷನ್ ಆಕ್ಸಿಟೋಸಿನ್. ಎಮ್ಮೆ ಹಾಲು ಬಿಡಲಿ ಅಂತ ಕೆಲವರು ಚುಚ್ಚುವ ಇಂಜೆಕ್ಷನ್ನೂ ಅದೇ. ಆ ದುರ್ಬಳಕೆ ತಡೆಯಲು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳ ತಯಾರಿಕೆ ನಿಲ್ಲಿಸಿ, ದೇಶದೊಳಗಿನ ಬಳಕೆಗೆ ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯೋಟಿಕ್ಸ್ ಒಂದಕ್ಕೇ ಅವಕಾಶ ಕೊಡಲು ಆದೇಶ ಹೊರಡಿಸಿತು. ಇಡೀ ದೇಶದ ಬಾಣಂತಿಯರು ಒಂದೇ ಕಾರ್ಖಾನೆಯನ್ನು ನಂಬಿ ಕೂರಬೇಕಾ ಅನ್ನೋ ಪ್ರಶ್ನೆ ಎದ್ದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ಉದ್ದೇಶ ಒಳ್ಳೆಯದಿದ್ದರೂ ಒಬ್ಬರ ಕೈಯಲ್ಲಿ ಎಲ್ಲವನ್ನೂ ಇಡುವುದು ಅಪಾಯ ಅನ್ನೋ ಪಾಠ ಅದರಲ್ಲಿತ್ತು.

ಪ್ರಬಂಧ ಮೊದಲಾ, ಪೇಟೆಂಟ್ ಮೊದಲಾ?

ಮೆಡಿಕಲ್ ಕಾಲೇಜುಗಳಲ್ಲಿ ಶೋಧ ಆಗುವುದು ಒಂದು ಮಾತು, ಅದು ಅಂಗಡಿಗೆ ಬರುವುದು ಇನ್ನೊಂದು ಮಾತು. ನಡುವೆ ಜಾರಿ ಬೀಳುವ ಜಾಗ ಹಲವಿವೆ.

ಮೊದಲನೆಯದು ಪ್ರಬಂಧ. ವೈದ್ಯ ಪ್ರಾಧ್ಯಾಪಕರಿಗೆ ಬಡ್ತಿ ಬೇಕಾದರೆ ಪ್ರಬಂಧ ಅಚ್ಚಾಗಬೇಕು. ಆದರೆ ಅರ್ಜಿ ಹಾಕುವ ಮುಂಚೆ ವಿಷಯ ಬಹಿರಂಗವಾದರೆ ಅದು 'ಹೊಸದು' ಅನ್ನಿಸಿಕೊಳ್ಳುವುದಿಲ್ಲ, ಪೇಟೆಂಟ್ ಹಕ್ಕು ಬಹುತೇಕ ಹೋದಂತೆ. ರಾಮದುರ್ಗದ ನೇಕಾರರಿಗೆ ಇದರ ಬಿಸಿ ಗೊತ್ತು. ಹೊಸ ಅಂಚಿನ ಡಿಸೈನ್ ಒಂದು ಮಗ್ಗದ ಮೇಲೆ ಕಂಡರೆ ಮುಂದಿನ ಸಂತೆ ಹೊತ್ತಿಗೆ ಹತ್ತು ಮಗ್ಗದ ಮೇಲೆ ಇರುತ್ತದೆ.

ಎರಡನೆಯದು ಖರ್ಚು. ಪೇಟೆಂಟ್ ಅರ್ಜಿ, ವಕೀಲರು, ವರ್ಷ ವರ್ಷ ನವೀಕರಣ. 2021ರ ಸೆಪ್ಟೆಂಬರ್‌ನಿಂದ ಶಿಕ್ಷಣ ಸಂಸ್ಥೆಗಳಿಗೆ ಸರ್ಕಾರಿ ಶುಲ್ಕದಲ್ಲಿ ಶೇ 80ರಷ್ಟು ರಿಯಾಯಿತಿ ಸಿಕ್ಕಿದೆ. ಅದರಿಂದ ಅರ್ಜಿ ಹಾಕುವುದು ಸುಲಭವಾಗಿದೆ. ಕಾಲೇಜುಗಳ ರ‍್ಯಾಂಕಿಂಗ್‌ನಲ್ಲೂ ಪೇಟೆಂಟ್ ಎಣಿಕೆಗೆ ಬರುತ್ತದೆ. ಅಲ್ಲೇ ಒಂದು ಮೋಸದ ತಿರುವು ಇದೆ: ಅಂಕಕ್ಕಾಗಿ ಹಾಕಿದ ಪೇಟೆಂಟ್ ಗೋಡೆಗೆ ಚೌಕಟ್ಟು ಹಾಕೋದಕ್ಕೆ ಚೆಂದ, ತಾಲೂಕು ಆಸ್ಪತ್ರೆಗೆ ಬರದಿದ್ದರೆ ಏನು ಬಂತು?

ಮೂರನೆಯದು ತಯಾರಿಕೆ. ವೈದ್ಯಕೀಯ ಸಾಧನಗಳಿಗೆ 2017ರ ನಿಯಮಗಳ ಪ್ರಕಾರ ಪರವಾನಗಿ, ಗುಣಮಟ್ಟದ ಪರೀಕ್ಷೆ ಎಲ್ಲ ಬೇಕು. ಇದನ್ನು ಅಡ್ಡಿ ಅಂತ ಬೈಯುವಂತಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತಾಗ ಸಂಶಯ ಹೋಗಿದ್ದು ಅವರಿಗೆ ಹಾಕಿದ ಐವಿ ದ್ರಾವಣದ ಮೇಲೆ. ರಾಜ್ಯ ಸರ್ಕಾರ ಆ ದ್ರಾವಣದ ಬಳಕೆ ನಿಲ್ಲಿಸಿತು. ಅಗ್ಗ ಅನ್ನುವುದರ ಜೊತೆ ಗಟ್ಟಿ ಪರೀಕ್ಷೆಯೂ ಇರಬೇಕು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ನಾಲ್ಕನೆಯದು ಖರೀದಿ. ಸರ್ಕಾರಿ ಆಸ್ಪತ್ರೆಗೆ ಸಾಮಾನು ಬರುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಟೆಂಡರ್ ಮೂಲಕ. ಟೆಂಡರ್ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಎಂಥಾ ಶೋಧವಾದರೂ ಸವದತ್ತಿ ಆಸ್ಪತ್ರೆಯ ಬಾಗಿಲು ದಾಟುವುದಿಲ್ಲ.

ದಾಟಿ ಹೋದವರೂ ಇದ್ದಾರೆ

ಈ ನಾಲ್ಕೂ ಕಂದಕ ದಾಟಿದ ಉದಾಹರಣೆ ಪಕ್ಕದ ಕೇರಳದಲ್ಲಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ಎಂ.ಎಸ್. ವಲಿಯತ್ತಾನ್ ನೇತೃತ್ವದಲ್ಲಿ ಕೃತಕ ಹೃದಯ ಕವಾಟ ಮಾಡಲು ಹೊರಟರು. ಮೊದಲ ಮೂರು ಮಾದರಿ ಕೆಟ್ಟವು. ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರ್‌ನಲ್ಲಿ ಮೊದಲ ಸಲ ರೋಗಿಗೆ ಅಳವಡಿಸಿದರು. ತಂತ್ರಜ್ಞಾನವನ್ನು ಟಿಟಿಕೆ ಸಮೂಹಕ್ಕೆ ಕೊಟ್ಟರು; ಟಿಟಿಕೆ ಚಿತ್ರಾ ಕವಾಟ ಹೊರಗಿನ ಕವಾಟಕ್ಕಿಂತ ಬಹಳ ಕಡಿಮೆ ಬೆಲೆಗೆ ಬಂತು. ರಕ್ತ ತುಂಬುವ ಚೀಲದ ತಂತ್ರಜ್ಞಾನವೂ ಅದೇ ಸಂಸ್ಥೆಯಿಂದ ಕಾರ್ಖಾನೆಗೆ ಹೋಗಿದ್ದು. ವಲಿಯತ್ತಾನ್ ಆಮೇಲೆ ನಮ್ಮ ರಾಜ್ಯದ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು.

ಅಲ್ಲಿ ಗೆಲುವಿಗೆ ಕಾರಣ ಒಂದೇ: ಆಸ್ಪತ್ರೆ ಮತ್ತು ಎಂಜಿನಿಯರಿಂಗ್ ವಿಭಾಗ ಒಂದೇ ಸಂಸ್ಥೆಯಲ್ಲಿದ್ದವು, ಸೋತರೂ ದುಡ್ಡು ನಿಲ್ಲಲಿಲ್ಲ. ಬೆಳಗಾವಿಯಲ್ಲಿ ಏನು ಕಡಿಮೆ ಇದೆ? 1963ರಿಂದ ಜೆಎನ್‌ಎಂಸಿ ಇದೆ. ಸರ್ಕಾರಿ ಮೆಡಿಕಲ್ ಕಾಲೇಜು ಬಿಮ್ಸ್ ಇದೆ. ಐಸಿಎಂಆರ್‌ನ ಸಾಂಪ್ರದಾಯಿಕ ವೈದ್ಯ ಪದ್ಧತಿಯ ರಾಷ್ಟ್ರೀಯ ಸಂಸ್ಥೆ ಇದೆ. ಇಡೀ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ವಿಟಿಯು ಇದೆ. ಉದ್ಯಮಬಾಗದಲ್ಲಿ ಫೌಂಡ್ರಿ, ಮಷಿನ್ ಶಾಪುಗಳಿವೆ. ಇವೆಲ್ಲ ಒಂದೇ ಊರಲ್ಲಿದ್ದೂ ಹೆರಿಗೆ ಹಾಳೆ ಮಧುರೈಯಿಂದ ಬರಬೇಕಾಯಿತು ಅನ್ನೋದು ಯೋಚಿಸಬೇಕಾದ ಮಾತು.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಮಧುರೈಯಲ್ಲಿ ತಯಾರಾದದ್ದು ತಪ್ಪೇನಲ್ಲ. ಕಾರ್ಖಾನೆ ಎಲ್ಲಿದ್ದರೂ ಸಾಮಾನು ಬಂದರೆ ಸಾಕು ಅನ್ನುವುದೂ ಸರಿಯೇ. ಆದರೆ ಇಲ್ಲಿ ಹುಟ್ಟಿದ ಶೋಧಕ್ಕೆ ಇಲ್ಲೇ ಹತ್ತು ಕೈಗೆ ಕೆಲಸ ಸಿಕ್ಕಿದ್ದರೆ ಅದರ ಬಗ್ಗೆ ಕೇಳುವವರೂ, ಬಿಡದೆ ಹಿಂಬಾಲಿಸುವವರೂ ಇಲ್ಲೇ ಹೆಚ್ಚು ಇರುತ್ತಿದ್ದರು.

ಹಾಳೆ ಮಾತ್ರ ಸಾಲದು

ಇನ್ನೊಂದು ಎಚ್ಚರ. ಹಾಳೆ ಹಾಸಿದ ಕೂಡಲೇ ಜೀವ ಉಳಿಯುತ್ತದೆ ಅಂತ ತಿಳಿಯಬಾರದು. ಯುರೋಪಿನ 13 ದೇಶಗಳಲ್ಲಿ 25 ಸಾವಿರಕ್ಕೂ ಹೆಚ್ಚು ಹೆರಿಗೆಗಳಲ್ಲಿ ರಕ್ತ ಅಳೆಯುವ ಚೀಲ ಬಳಸಿ ನೋಡಿದರು. 2010ರಲ್ಲಿ ವರದಿ ಬಂತು: ಬರೀ ಅಳತೆಯಿಂದ ತೀವ್ರ ರಕ್ತಸ್ರಾವ ಗಮನಾರ್ಹವಾಗಿ ಇಳಿಯಲಿಲ್ಲ. ತೂಕ ಮಾಡಿ ಬರೆದಿಟ್ಟರೆ ಸಾಲದು, ಆ ತೂಕ ನೋಡಿ ಕೈ ಓಡಬೇಕು.

ಅದನ್ನೇ ಆಫ್ರಿಕಾದಲ್ಲಿ ಮಾಡಿದರು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ 2 ಲಕ್ಷ 10 ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ 'ಇ-ಮೋಟಿವ್' ಪ್ರಯೋಗದಲ್ಲಿ ಅಳತೆ ಹಾಳೆಯ ಜೊತೆ ಐದು ಕೆಲಸ ಒಟ್ಟಿಗೆ ಮಾಡಿದರು: ಗರ್ಭಕೋಶದ ಮಸಾಜು, ಆಕ್ಸಿಟೋಸಿನ್‌ನಂಥ ಔಷಧಿ, ಟ್ರಾನೆಕ್ಸಾಮಿಕ್ ಆಸಿಡ್, ಐವಿ ದ್ರಾವಣ, ಆಮೇಲೆ ಪರೀಕ್ಷೆ. ಒಂದು ಮುಗಿಸಿ ಇನ್ನೊಂದು ಅಂತ ಕಾಯಲಿಲ್ಲ. 2023ರಲ್ಲಿ ಬಂದ ಫಲಿತಾಂಶ: ಹಳೇ ಪದ್ಧತಿಯ ಆಸ್ಪತ್ರೆಗಳಲ್ಲಿ ಶೇ 4.3ರಷ್ಟು ಮಂದಿಗೆ ತೀವ್ರ ರಕ್ತಸ್ರಾವ ಅಥವಾ ಅದರಿಂದ ಆಪರೇಶನ್, ಸಾವಿನಂಥ ಅನಾಹುತ ಆದರೆ, ಹೊಸ ಪದ್ಧತಿಯಲ್ಲಿ ಶೇ 1.6 ಮಾತ್ರ. ಮೊದಲು ರಕ್ತಸ್ರಾವದ ಪ್ರಕರಣಗಳಲ್ಲಿ ಅರ್ಧದಷ್ಟು ಮಾತ್ರ ಗೊತ್ತಾಗುತ್ತಿದ್ದವು. ಹಾಳೆ ಬಂದ ಮೇಲೆ ಶೇ 93ರಷ್ಟು ಗೊತ್ತಾದವು.

ಅದೇ ವರ್ಷ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಹಜ ಹೆರಿಗೆ ಆಗುವ ಎಲ್ಲ ಮಹಿಳೆಯರಿಗೂ ಅಳತೆ ಹಾಳೆ ಬಳಸಬೇಕು ಅಂತ ಶಿಫಾರಸು ಮಾಡಿತು. 2025ರ ಅಕ್ಟೋಬರ್‌ನಲ್ಲಿ ಇನ್ನೂ ಮುಂದೆ ಹೋಗಿ, 500 ಮಿಲಿಲೀಟರ್ ಆಗುವ ತನಕ ಕಾಯಬೇಡಿ, 300 ಆಗಿ ನಾಡಿ ಅಥವಾ ರಕ್ತದೊತ್ತಡ ಏರುಪೇರಾದರೆ ಆಗಲೇ ಚಿಕಿತ್ಸೆ ಶುರು ಮಾಡಿ ಅಂತ ಹೇಳಿತು. 300 ಅಂತ ತಿಳಿಯಬೇಕಾದರೆ ಗೆರೆ ಇರುವ ಹಾಳೆ ಬೇಕೇ ಬೇಕು. ಕಣ್ಣಂದಾಜಿನಲ್ಲಿ ಅದು ಆಗದ ಮಾತು. ಇಪ್ಪತ್ತು ವರ್ಷದ ಹಿಂದೆ ಬೆಳಗಾವಿಯಲ್ಲಿ ಹೇಳಿದ್ದನ್ನು ಜಗತ್ತು ಈಗ ಒಪ್ಪಿದೆ.

ಪಾಲು ಕೇಳುವುದಾದರೆ ಯಾವ ರೂಪದಲ್ಲಿ?

ಇಲ್ಲಿಗೆ ಮುಖ್ಯ ಪ್ರಶ್ನೆ. ಪ್ರಯೋಗಕ್ಕೆ ಒಪ್ಪಿಕೊಂಡ ಹೆಣ್ಣುಮಕ್ಕಳಿಗೂ, ಅವರ ಊರಿಗೂ ಏನು ಸಿಗಬೇಕು?

ರಾಯಲ್ಟಿ ಅನ್ನೋ ಮಾತು ಬಂದಾಗ ಜನ ಕೋವ್ಯಾಕ್ಸಿನ್ ನೆನೆಸಿಕೊಳ್ಳುತ್ತಾರೆ. ಐಸಿಎಂಆರ್ ಮತ್ತು ಭಾರತ್ ಬಯೋಟೆಕ್ ಸೇರಿ ಮಾಡಿದ ಲಸಿಕೆ ಅದು. ನಿವ್ವಳ ಮಾರಾಟದ ಮೇಲೆ ಶೇ 5 ರಾಯಲ್ಟಿ ಐಸಿಎಂಆರ್‌ಗೆ ಅಂತ ಕರಾರು. 2022ರ ಜನವರಿ ಕೊನೆಯವರೆಗೆ 171 ಕೋಟಿ ರೂಪಾಯಿಗೂ ಹೆಚ್ಚು ಬಂದಿದೆ ಅಂತ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಆ ಲಸಿಕೆಯ ಮೊದಲ ಹಂತದ ಪ್ರಯೋಗಕ್ಕೆ ಆರಿಸಿದ್ದ 12 ಸಂಸ್ಥೆಗಳಲ್ಲಿ ಬೆಳಗಾವಿಯ ಜೀವನರೇಖಾ ಆಸ್ಪತ್ರೆಯೂ ಒಂದು. ಅಂದರೆ 2020ರಲ್ಲಿ, ಎಲ್ಲರೂ ಹೆದರಿ ಕೂತಿದ್ದಾಗ, ಬೆಳಗಾವಿಯಲ್ಲಿ ತೋಳು ಕೊಟ್ಟವರಿದ್ದರು.

ಹಾಗಾದರೆ ಪ್ರಯೋಗಕ್ಕೆ ಬಂದವರಿಗೂ ರಾಯಲ್ಟಿ ಕೊಡಬೇಕಾ? ಕಾನೂನಿನಲ್ಲಿ ಹಾಗಿಲ್ಲ, ಇರದಿದ್ದುದೇ ಸರಿ ಅನ್ನಬಹುದು. ದುಡ್ಡಿನ ಆಸೆಗೆ ಬಡವರು ಮೈಮೇಲೆ ಪ್ರಯೋಗ ಮಾಡಿಸಿಕೊಳ್ಳುವಂತಾದರೆ ಅದು ಇನ್ನೊಂದು ಅನಾಹುತ.

ತಿಳುವಳಿಕೆ ಕೊಟ್ಟವರಿಗೆ ಪಾಲು ಸಿಕ್ಕ ಉದಾಹರಣೆ ಬೇರೆ ಇದೆ. ಕೇರಳದ ಅಗಸ್ತ್ಯ ಬೆಟ್ಟದ ಕಾಣಿ ಬುಡಕಟ್ಟಿನವರು ತೋರಿಸಿದ 'ಆರೋಗ್ಯಪಚ್ಚ' ಗಿಡದಿಂದ ಅಲ್ಲಿನ ಸಸ್ಯಶಾಸ್ತ್ರ ಸಂಸ್ಥೆ 1990ರ ದಶಕದಲ್ಲಿ 'ಜೀವನಿ' ಅನ್ನೋ ಔಷಧಿ ಮಾಡಿ ಕೊಯಮತ್ತೂರಿನ ಆರ್ಯ ವೈದ್ಯ ಫಾರ್ಮಸಿಗೆ ಲೈಸೆನ್ಸ್ ಕೊಟ್ಟಿತು. 10 ಲಕ್ಷ ರೂಪಾಯಿ ಶುಲ್ಕ, ಶೇ 2 ರಾಯಲ್ಟಿ. ಬಂದಿದ್ದರಲ್ಲಿ ಅರ್ಧ ಕಾಣಿ ಜನರ ಟ್ರಸ್ಟಿಗೆ. ಯಲ್ಲಮ್ಮನ ಗುಡ್ಡದ ಸುತ್ತಲಿನ ನಾಟಿ ವೈದ್ಯರ ಹತ್ತಿರ ಯಾರಾದರೂ ಗಿಡಮೂಲಿಕೆ ಕೇಳಿಕೊಂಡು ಬಂದರೆ ನೆನಪಿಡಬೇಕಾದ ಉದಾಹರಣೆ ಇದು. 2002ರ ಜೀವವೈವಿಧ್ಯ ಕಾಯ್ದೆಯೂ ಲಾಭ ಹಂಚಿಕೆಯ ಮಾತು ಹೇಳುತ್ತದೆ.

ಪ್ರಯೋಗಕ್ಕೆ ಒಪ್ಪಿದವರ ಪಾಲು ಮಾತ್ರ ದುಡ್ಡಿನಲ್ಲಿ ಅಲ್ಲ, ಸಾಮಾನಿನಲ್ಲಿ ಬರಬೇಕು. ಅದಕ್ಕೂ ದಾರಿ ಇದೆ. ಜೆಎನ್‌ಎಂಸಿಯೂ ಭಾಗವಹಿಸಿದ್ದ ಇನ್ನೊಂದು ಪ್ರಯೋಗ ಬಿಸಿಲಿಗೆ ಕೆಡದ 'ಕಾರ್ಬೆಟೋಸಿನ್' ಇಂಜೆಕ್ಷನ್ನಿನದು. 10 ದೇಶಗಳ 23 ಆಸ್ಪತ್ರೆ, 29,645 ಮಹಿಳೆಯರು. ವರದಿ ಬಂದಿದ್ದು 2018ರಲ್ಲಿ. ಆಕ್ಸಿಟೋಸಿನ್ ಫ್ರಿಜ್ಜಿನಲ್ಲೇ ಇರಬೇಕು, 2ರಿಂದ 8 ಡಿಗ್ರಿ. ಕಾರ್ಬೆಟೋಸಿನ್‌ನ ಹೊಸ ರೂಪ 30 ಡಿಗ್ರಿಯಲ್ಲೂ ಮೂರು ವರ್ಷ ತಡೆಯುತ್ತದೆ. ಬೇಸಿಗೆಯಲ್ಲಿ ರಾಮದುರ್ಗ, ಸವದತ್ತಿ ಕಡೆ ಕರೆಂಟು ಹೋದಾಗ ಫ್ರಿಜ್ಜಿನ ಕಥೆ ಏನು ಅಂತ ಎಲ್ಲರಿಗೂ ಗೊತ್ತು. ಆ ಔಷಧಿಯ ಮಾಲೀಕ ಕಂಪನಿ ಫೆರಿಂಗ್, ಪ್ರಯೋಗ ಶುರುವಾಗುವ ಹೊತ್ತಿಗೇ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಕರಾರು ಮಾಡಿಕೊಂಡಿತ್ತು: ಗೆದ್ದರೆ ಬಡ ದೇಶಗಳ ಸರ್ಕಾರಿ ಆಸ್ಪತ್ರೆಗಳಿಗೆ ಕೈಗೆಟಕುವ ಬೆಲೆಗೆ ಕೊಡಬೇಕು ಅಂತ.

ಇದೇ ಮಾದರಿಯನ್ನು ಜಿಲ್ಲೆಗೂ ತರಬಹುದು. ಬೆಳಗಾವಿಯ ಯಾವುದೇ ಮೆಡಿಕಲ್ ಕಾಲೇಜು ತನ್ನ ಶೋಧವನ್ನು ಕಂಪನಿಗೆ ಕೊಡುವಾಗ, ಪ್ರಯೋಗ ನಡೆದ ತಾಲೂಕುಗಳ ಸರ್ಕಾರಿ ಆಸ್ಪತ್ರೆಗಳಿಗೆ ಅಸಲು ಬೆಲೆಗೆ ಇಷ್ಟು ವರ್ಷ ಪೂರೈಸಬೇಕು ಅನ್ನೋ ಒಂದು ಸಾಲು ಕರಾರಿನಲ್ಲಿ ಬರೆಸಿದರೆ ಸಾಕು. ಕಂಪನಿಗೆ ಅದು ದೊಡ್ಡ ಹೊರೆಯಲ್ಲ. ನಾಲ್ಕು ತಾಲೂಕಿಗೆ ದೊಡ್ಡ ಮಾತು. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯಲ್ಲೂ ಸಂಶೋಧನೆಯ ಲಾಭ ಆ ಸಮುದಾಯಕ್ಕೆ ತಲುಪಬೇಕು ಅನ್ನುವುದಿದೆ. ಮಾರ್ಗಸೂಚಿಯಲ್ಲಿರುವುದು ಕರಾರಿಗೆ ಇಳಿಯಬೇಕು, ಅಷ್ಟೇ.

ತಾಲೂಕಿನವರು ಕೇಳಬಹುದಾದದ್ದು

ಮನೆಯಲ್ಲಿ ಯಾರನ್ನಾದರೂ ಸಂಶೋಧನೆಗೆ ಸೇರಿಸಿಕೊಳ್ಳುತ್ತೇವೆ ಅಂದರೆ ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು ಅಂತ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ. 2009ರ ಜೂನ್‌ನಿಂದ ಔಷಧಿ ಪ್ರಯೋಗಗಳನ್ನು ದೇಶದ ಸಿಟಿಆರ್‌ಐ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯ. ಮೊಬೈಲ್‌ನಲ್ಲೇ ಹುಡುಕಿ ನೋಡಬಹುದು.

ತಾಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇದೆ. ಹೆರಿಗೆ ಕೋಣೆಯಲ್ಲಿ ಅಳತೆ ಹಾಳೆ ಇದೆಯಾ, ಮಿಸೊಪ್ರೊಸ್ಟಾಲ್, ಟ್ರಾನೆಕ್ಸಾಮಿಕ್ ಆಸಿಡ್ ಸ್ಟಾಕ್ ಇದೆಯಾ, ಆಕ್ಸಿಟೋಸಿನ್ ಇಟ್ಟ ಫ್ರಿಜ್ಜಿಗೆ ಬ್ಯಾಕಪ್ ಇದೆಯಾ ಅಂತ ಸಮಿತಿ ಸಭೆಯಲ್ಲಿ ಕೇಳಬಹುದು. ಉತ್ತರ ಸಿಗದಿದ್ದರೆ 10 ರೂಪಾಯಿಯ ಆರ್‌ಟಿಐ ಅರ್ಜಿ ಇದೆ. ವ್ಯಾಪಾರಿ ಸಂಘ, ಲಯನ್ಸ್, ರೋಟರಿಯವರು ಹಣ್ಣು-ಬ್ರೆಡ್ ಹಂಚುವ ಬದಲು ಒಂದು ವರ್ಷದ ಹಾಳೆಗೆ ದುಡ್ಡು ಹಾಕಿದರೂ ಆದೀತು. ಆದರೆ ಅದು ದಾನದ ಮಾತು. ಸರ್ಕಾರದ ಟೆಂಡರ್ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಬೇಕಾದ್ದು ಹಕ್ಕಿನ ಮಾತು.

ಸ್ವಂತ ತಲೆ ಓಡಿಸುವ ಮೆಕ್ಯಾನಿಕ್ಕು, ಡಿಪ್ಲೊಮಾ ಹುಡುಗರು ಈ ಭಾಗದಲ್ಲಿ ಕಡಿಮೆ ಇಲ್ಲ. ಆಸ್ಪತ್ರೆಗೆ ಬೇಕಾದ ಸಣ್ಣ ಸಾಧನ ಏನಾದರೂ ಹೊಳೆದರೆ ಮೊದಲು ವಾಟ್ಸಾಪ್ ಸ್ಟೇಟಸ್ ಹಾಕಬಾರದು. ಬೆಂಗಳೂರಿನ ಕೆಎಸ್‌ಸಿಎಸ್‌ಟಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ, ಅಲ್ಲಿ ವಿಚಾರಿಸಿ ಅರ್ಜಿ ಹಾಕಿದ ಮೇಲೆ ಊರಿಗೆಲ್ಲ ಹೇಳಿದರಾಯಿತು.

2018-20ರ ಸರ್ಕಾರಿ ಲೆಕ್ಕದಲ್ಲಿ ಒಂದು ಲಕ್ಷ ಹೆರಿಗೆಗೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರೆ ಕೇರಳದಲ್ಲಿ 19. ಈ ಅಂತರಕ್ಕೆ ಕಾರಣ ಹಲವು. ಒಂದು ಹಾಳೆ, ಒಂದು ಗುಳಿಗೆಯಿಂದ ಅದೆಲ್ಲ ಮುಚ್ಚಿಹೋಗುವುದಿಲ್ಲ. ಆದರೆ ಇಲ್ಲಿನ ಅಕ್ಕ-ತಂಗಿಯರ ಒಪ್ಪಿಗೆಯಿಂದ, ಇಲ್ಲಿನ ನರ್ಸಕ್ಕಗಳ ದುಡಿಮೆಯಿಂದ ಸಿಕ್ಕ ತಿಳುವಳಿಕೆ ಆಫ್ರಿಕಾದ ಆಸ್ಪತ್ರೆಗಳಿಗೆ ದಾರಿ ತೋರಿಸಿದೆ. ಪ್ರಯೋಗದ ದಿನಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಈಗ ಇಪ್ಪತ್ತು ದಾಟಿದೆ. ಅವರ ಹೆರಿಗೆಯ ಕಾಲ ಬಂದಿದೆ. ಅವರವ್ವನ ಕೆಳಗೆ ಹಾಸಿದ್ದ ಹಾಳೆ ಅವರಿಗೂ ತಾಲೂಕು ಆಸ್ಪತ್ರೆಯಲ್ಲಿ ಸಿಗುತ್ತದಾ? ಮುಂದಿನ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಬೇಕಾದ ಪ್ರಶ್ನೆ ಅದು.